ಕಣ, ಕೊಟ್ಟಿಗೆಗಳಿಗೆ ಹಾರುಬೂದಿಯ ಕಾಂಕ್ರೀಟು

ಒಕ್ಕುವ ಕಣ, ದನದ ಕೊಟ್ಟಿಗೆಯ ನೆಲ, ನೀರಿನ ತೊಟ್ಟಿ ಮುಂತಾದುವುಗಳಿಗೆ ಕಾಂಕ್ರೀಟನ್ನು ಉಪಯೋಗಿಸುವುದು ಈಗ ಗ್ರಾಮಗಳಲ್ಲಿಯೂ ರೂಢಿಯಾಗಿರುತ್ತದೆ. ಕಾಂಕ್ರೀಟಿನಲ್ಲಿ ಸಿಮೆಂಟಿನ ಭಾಗವು ಸ್ವಲ್ಪವೇ ಆದರೂ, ಅದರಿಂದ ವಾಯುಮಂಡಲಕ್ಕೆ ಸೇರುವ ಇಂಗಾಲಾಮ್ಲ ವಾಯುವಿನ ಬಹುಪಾಲು ಸಿಮೆಂಟಿನಿಂದಲೇ ಉಂಟಾಗತಕ್ಕದ್ದು. ಸಿಮೆಂಟನ್ನು ತಯಾರಿಸುವಾಗ ಸುಣ್ಣದ ಕಲ್ಲನ್ನೂ ಜೇಡಿಮಣ್ಣನ್ನೂ ಸುಮಾರು ೧೪೫೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಡುತ್ತಾರೆ. ಆಗ ಇಂಧನದ ಹೊಗೆಯಲ್ಲದೆ, ಕಲ್ಲಿನಲ್ಲಿಯೇ ಅಡಗಿರುವ ಇಂಗಾಲಾಮ್ಲವೂ ಹೊರಬೀಳುತ್ತದೆ. ಶುದ್ಧವಾದ ಸುಣ್ಣದ ಕಲ್ಲು ೧೦೦ ಕಿಲೋಗ್ರಾಂ ಬೆಂದರೆ ೪೪ ಕಿಲೋಗ್ರಾಂ ವಾಯುವಾಗಿ ಹೋಗುವುದು. ಆದುದರಿಂದ ಇಂಧನವನ್ನು ಬದಲಾಯಿಸಿದ ಮಾತ್ರಕ್ಕೆ ಸಾಲದು. ಸುಟ್ಟ ಸುಣ್ಣದ ಕಲ್ಲಿನ ಪ್ರಮಾಣವನ್ನೇ ಕಡಿಮೆ ಮಾಡಬೇಕು.

ಇದರ ಮರ್ಮವು ನಮ್ಮ ಗಾರೆ ಕೆಲಸದವರಿಗೆ ಹೊಸದಲ್ಲ. ಸುಣ್ಣಕ್ಕೆ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಕೂಡಿಸಿ ಅರೆದರೆ, ಆ ಗಾರೆಯು ನೀರಿನಲ್ಲಿಯೂ ಗಟ್ಟಿಯಾಗುತ್ತದೆ. ೧೯೧೧ರಲ್ಲಿ ಪ್ರಾರಂಭವಾದ ಕನ್ನಂಬಾಡಿಯ ಕಟ್ಟೆಯು ಸುರ್ಕಿ ಗಾರೆಯಿಂದಲೇ ಕಟ್ಟಲ್ಪಟ್ಟುದಾಗಿದೆ. ಹಾರುಬೂದಿಯೂ ಇದೇ ಗುಣವುಳ್ಳದ್ದು. ರಾಯಚೂರಿನ ಶಕ್ತಿನಗರದಂತಹ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಪುಡಿಯನ್ನು ಉರಿಸಿದಾಗ ಹೊಗೆಯೊಡನೆ ಏಳುವ ನಯವಾದ ಬೂದಿಯಿದು. ಸಿಮೆಂಟು ನೀರಿನೊಡನೆ ಕೂಡಿದಾಗ ಸ್ವಲ್ಪ ಸುಣ್ಣವು ಬಿಡುಗಡೆಯಾಗುತ್ತದೆ. ಬೂದಿಯು ಮೆಲ್ಲಮೆಲ್ಲನೆ ಆ ಸುಣ್ಣದೊಡನೆ ಸೇರಿ ಬಂಧಕವಾಗುತ್ತದೆ. ಪಿ.ಪಿ.ಸಿ. ಎಂದು ಮುದ್ರಿಸಿದ ಹಾರುಬೂದಿಯ ಸಿಮೆಂಟಿನಲ್ಲಿ ಬೂದಿಯು ನೂರಕ್ಕೆ ೧೫ರಿಂದ ೩೫ರವರೆಗೆ ಇರುವುದು. ಪಿ.ಎಸ್.ಸಿ. ಎಂಬುದರಲ್ಲಿ ಕಬ್ಬಿಣದ ಕುಲುಮೆಯ ಕಿಟ್ಟವು ನೂರಕ್ಕೆ ೨೫ರಿಂದ ೭೦ರವರೆಗೆ ಇರಬಹುದು. ಕರಗಿದ ಕಿಟ್ಟವನ್ನು ನೀರಿನಿಂದ ತಟ್ಟನೆ ತಣಿಸಿದರೆ ಮಾತ್ರ ಈ ಗುಣವು ಬರುತ್ತದೆ. ತಾನಾಗಿ ಆರಿದ ಕಿಟ್ಟವು ಜಲ್ಲಿಗೆ ಮಾತ್ರ ಯೋಗ್ಯವು.

ಇಂತಹ ಸಿಮೆಂಟು ಬಲಹೀನವೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ದೋಷವು ಬಹುಮಟ್ಟಿಗೆ ಸಿಮೆಂಟಿನದಲ್ಲ, ಅವಸರದ್ದು. ಬೂದಿಯು ನಿಧಾನವಾಗಿ ಕೆಲಸಮಾಡುವುದರಿಂದ ಮೊದಲ ವಾರದಲ್ಲಿ ಗಟ್ಟಿತನವು ಕಡಿಮೆಯಾಗಿಯೇ ತೋರುವುದು. ಮೂರು ದಿನ ನೀರು ಹೊಯ್ದು ನಿಲ್ಲಿಸಿದರೆ ಮೇಲ್ಮೈ ಪುಡಿಪುಡಿಯಾಗಿ ಏಳುತ್ತದೆ. ರಾಗಿಯೊಡನೆ ಮರಳು ಸೇರುತ್ತದೆ. ಸಾಧಾರಣ ಸಿಮೆಂಟಿಗೆ ಏಳು ದಿನ ತೇವವು ಬೇಕಾದರೆ, ಇದಕ್ಕೆ ಕನಿಷ್ಠ ಹತ್ತು ದಿನ, ಬಿಸಿಲು ಹೆಚ್ಚಾಗಿದ್ದರೆ ಹದಿನಾಲ್ಕು ದಿನ ಬೇಕು. ದಿನಕ್ಕೆರಡು ಸಾರಿ ನೀರು ಚಿಮುಕಿಸುವುದಕ್ಕಿಂತ, ಸುತ್ತಲೂ ಮಣ್ಣಿನ ಬದು ಕಟ್ಟಿ ಎರಡು ಅಂಗುಲ ನೀರು ನಿಲ್ಲಿಸುವುದಾಗಲಿ, ನೆನೆದ ಗೋಣಿತಾಟುಗಳನ್ನು ಹೊದಿಸುವುದಾಗಲಿ ಮೇಲು. ಕಲಸುವಾಗ ನೀರು ಹೆಚ್ಚಾದರೂ ಕೆಡುಕೇ. ಒಂದು ಭಾಗ ಸಿಮೆಂಟು, ಎರಡು ಭಾಗ ಮರಳು, ನಾಲ್ಕು ಭಾಗ ಜಲ್ಲಿಯ ಮಿಶ್ರಣದಲ್ಲಿ ೫೦ ಕಿಲೋಗ್ರಾಂ ಮೂಟೆಗೆ ೩೨ ಲೀಟರಿಗಿಂತ ಹೆಚ್ಚು ನೀರು ಕೂಡದು.

ಬೂದಿಯೆಲ್ಲವೂ ಒಂದೇ ಎಂದು ಭಾವಿಸಲಾಗದು. ಒಲೆಯ ಬೂದಿ, ಆಲೆಮನೆಯ ಬೂದಿ, ಅಕ್ಕಿ ಗಿರಣಿಯ ಕಪ್ಪನೆಯ ಹೊಟ್ಟಿನ ಬೂದಿ ಇವುಗಳನ್ನು ಸಿಮೆಂಟಿಗೆ ಬೆರೆಸತಕ್ಕದ್ದಲ್ಲ. ಅವುಗಳ ಸ್ಥಳವು ಗೊಬ್ಬರದ ಗುಂಡಿ. ಭತ್ತದ ಹೊಟ್ಟನ್ನು ಹದವಾದ ಶಾಖದಲ್ಲಿ ಸುಟ್ಟು ನಯವಾಗಿ ಅರೆದರೆ ಒಳ್ಳೆಯ ಬಂಧಕ ಬೂದಿಯಾಗುವುದು ನಿಜ, ಆದರೆ ಅದು ಕಾರ್ಖಾನೆಯ ಕೆಲಸವೇ ಹೊರತು ಹಿತ್ತಲಿನದಲ್ಲ.

ಕೆಡವಿದ ಕಟ್ಟಡದ ಕಾಂಕ್ರೀಟನ್ನು ಒಡೆದು ಜಲ್ಲಿಯಾಗಿ ಉಪಯೋಗಿಸಬಹುದು. ಕಬ್ಬಿಣವಿಲ್ಲದ ನೆಲದ ಕಾಂಕ್ರೀಟಿನಲ್ಲಿ ಜಲ್ಲಿಯ ಕಾಲುಭಾಗದವರೆಗೂ, ನೆಲದ ಕೆಳಗಣ ಬಡ ಕಾಂಕ್ರೀಟಿನಲ್ಲಿ ಪೂರ್ತಿಯಾಗಿಯೂ ಭಾರತೀಯ ಮಾನಕವು ೨೦೧೬ರಲ್ಲಿ ಇದಕ್ಕೆ ಅವಕಾಶವಿತ್ತಿದೆ. ಮಣ್ಣು, ಮರದ ಚೂರು, ಜಿಪ್ಸಮ್ ಪುಡಿಗಳನ್ನು ಬೇರ್ಪಡಿಸತಕ್ಕದ್ದು. ಈ ಜಲ್ಲಿಯು ನೀರನ್ನು ಬಹಳವಾಗಿ ಹೀರುವುದರಿಂದ ಹಿಂದಿನ ದಿನವೇ ನೆನೆಸಿಡಬೇಕು.

ಹಾಕಿದ ೨೮ ದಿನಗಳವರೆಗೆ ಹೊಸ ಕಣದ ಮೇಲೆ ಗಾಡಿಯನ್ನಾಗಲಿ ಟ್ರ್ಯಾಕ್ಟರನ್ನಾಗಲಿ ಹತ್ತಿಸಬಾರದು. ಕಾರ್ತಿಕದಲ್ಲಿ ರಾಗಿಯ ಕುಯ್ಲಿಗೆ ಕಣವು ಬೇಕಾದ ರೈತರು ಭಾದ್ರಪದದೊಳಗೇ ಕಾಂಕ್ರೀಟನ್ನು ಹಾಕಿ ಮುಗಿಸತಕ್ಕದ್ದು. ಆ ದಿನಗಳಲ್ಲಿ ಮಳೆಯ ಸಂಭವವಿರುವುದರಿಂದ, ಹಾಕಿದ ಮೊದಲ ರಾತ್ರಿ ಹೊದಿಸಲು ಟಾರ್ಪಾಲನ್ನು ಸಿದ್ಧವಾಗಿಟ್ಟುಕೊಂಡಿರಬೇಕು.