ಲೈಸನ್ಸ್ ಹೋದರೆ ಬದುಕು ಹೋಯಿತೇ?

ವಾಹನವೇರುವಾಗ ಹೇಳಬೇಕಾದ ಪ್ರಾರ್ಥನೆಯನ್ನು ನಮ್ಮ ಮಕ್ಕಳೂ ಬಲ್ಲರು. ಹಲವರು ಅದನ್ನು ಆಟೋ, ಜೀಪು, ಕಾರುಗಳ ಮುಂಭಾಗದಲ್ಲಿ ಬರೆಸಿ ಅಂಟಿಸಿರುವುದೂ ಉಂಟು. ಸೂರಃ ಅಝ್ಝುಖ್ರುಫ್‌ನ 13 ಮತ್ತು 14ನೆಯ ಸೂಕ್ತಗಳಿಂದ ಬಂದ ಆ ಪ್ರಾರ್ಥನೆಯಲ್ಲಿ ಮೂರು ವಿಚಾರಗಳಿವೆ. ವಾಹನವನ್ನು ನಮಗೆ ಅಧೀನಗೊಳಿಸಿದವನು ಅಲ್ಲಾಹನು. ಅದನ್ನು ಸ್ವಂತ ಬಲದಿಂದ ಹತೋಟಿಯಲ್ಲಿಡುವ ಸಾಮರ್ಥ್ಯ ನಮಗಿರಲಿಲ್ಲ. ಕೊನೆಗೆ ನಾವೆಲ್ಲರೂ ಮರಳಬೇಕಾದುದು ಅವನೆಡೆಗೇ. ದಿನವೂ ಇದನ್ನು ಹೇಳುವ ನಾವು ಎರಡನೆಯ ವಿಚಾರದ ಬಗ್ಗೆ ಚಿಂತಿಸುವುದು ಕಡಿಮೆ. ಕೈಯ ಹತೋಟಿ, ಕಣ್ಣಿನ ದೃಷ್ಟಿ, ಮೆದುಳಿನ ಎಚ್ಚರ ಇವೆಲ್ಲವೂ ನಮಗೆ ಒಪ್ಪಿಸಲ್ಪಟ್ಟ ಅಮಾನತ್ತುಗಳು. ಒಪ್ಪಿಸಿದವನು ಒಂದು ದಿನ ಅವುಗಳಲ್ಲಿ ಒಂದನ್ನು ಹಿಂದಕ್ಕೆ ಪಡೆದರೆ ನಮ್ಮ ನಿಲುವು ಏನಾಗಿರಬೇಕು?

ಈ ಪ್ರಶ್ನೆ ಎಷ್ಟೋ ಮನೆಗಳ ಬಾಗಿಲು ತಟ್ಟುತ್ತದೆ. ಮೂವತ್ತರ ಯುವಕನಿಗೆ ಇದ್ದಕ್ಕಿದ್ದಂತೆ ಮೂರ್ಛೆ ಬಂದು ಬೀಳುತ್ತಾನೆ. ವೈದ್ಯರು ಅಪಸ್ಮಾರವೆಂದು ಗುರುತಿಸಿ, ಇನ್ನು ವಾಹನ ಓಡಿಸಬಾರದೆಂದು ಹೇಳುತ್ತಾರೆ. ಐವತ್ತೈದರ ತಂದೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪದರ ಹಾಳಾಗಿ ರಾತ್ರಿಯ ದಾರಿ ಕಾಣದಾಗುತ್ತದೆ. ಔಷಧ ಸಿಗುತ್ತದೆ, ಚಿಕಿತ್ಸೆ ನಡೆಯುತ್ತದೆ. ಆದರೆ ಜೇಬಿನಲ್ಲಿದ್ದ ಆ ಪುಟ್ಟ ಲೈಸನ್ಸ್ ಹೋದಾಗ ಕಾಯಿಲೆಗಿಂತಲೂ ದೊಡ್ಡದೊಂದು ಏಟು ಬಿದ್ದಂತೆ ಮನುಷ್ಯ ಕುಸಿಯುತ್ತಾನೆ.

ಮಲೆನಾಡಿನಲ್ಲಿ ಈ ನಷ್ಟದ ಭಾರ

ನಗರದಲ್ಲಿರುವವನಿಗೆ ಇದು ಅಷ್ಟಾಗಿ ತಟ್ಟದಿರಬಹುದು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನಡುವಣ ಮೇಗುಂದದ ಸೀಮೆಯನ್ನು ಯೋಚಿಸಿ ನೋಡಿ. ಇಲ್ಲಿ ಮನೆಗಳು ಒತ್ತಾಗಿಲ್ಲ. ಒಂದು ಗುಡ್ಡದ ಬದಿಯಲ್ಲಿ ಒಂದು ಮನೆ, ತೋಟ ದಾಟಿದರೆ ಇನ್ನೊಂದು. ಡಾಂಬರು ರಸ್ತೆಗೆ ಬರಬೇಕಾದರೇ ಒಂದೆರಡು ಮೈಲಿ ನಡೆಯಬೇಕಾದವರಿದ್ದಾರೆ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆ. ಅಡಿಕೆ ಸಾಗಿಸಲು, ಮಕ್ಕಳನ್ನು ಶಾಲೆಗೂ ಮದ್ರಸಕ್ಕೂ ಬಿಡಲು, ಶುಕ್ರವಾರ ಜುಮಾಕ್ಕೆ ಹೋಗಲು ಎಲ್ಲಕ್ಕೂ ಗಾಡಿ ಬೇಕು.

ಒಂದು ಕಾಲದಲ್ಲಿ ಈ ಸೀಮೆಗೆ ಬಸ್ಸಿನ ಆಸರೆ ಚೆನ್ನಾಗಿತ್ತು. ಖಾಸಗಿ ಬಸ್ ಕಂಪೆನಿಯೊಂದು ಮುಚ್ಚಿದಾಗ 1991ರಲ್ಲಿ ಅದರ ಕಾರ್ಮಿಕರೇ ಸೇರಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಮೂಲೆಮೂಲೆಯ ಹಳ್ಳಿಗಳನ್ನು ಮುಟ್ಟಿತ್ತು. 2020ರಲ್ಲಿ ಅದೂ ನಿಂತುಹೋಯಿತು. ಆ ಬಳಿಕ ಸ್ವಂತ ವಾಹನದ ಮೇಲಿನ ಅವಲಂಬನೆ ಇನ್ನಷ್ಟು ಹೆಚ್ಚಿತು. ಇಂಥ ಊರಿನಲ್ಲಿ ಲೈಸನ್ಸ್ ಕಳಕೊಂಡವನು ಕಾಲು ಕಳಕೊಂಡವನಂತೆ ಮನೆಯಲ್ಲಿ ಕುಳಿತುಬಿಡುತ್ತಾನೆ. ಆಟೋ ಅಥವಾ ಪಿಕಪ್ ಓಡಿಸಿ ಜೀವನ ಸಾಗಿಸುವವನಾಗಿದ್ದರೆ ಅನ್ನವೇ ಹೋದಂತೆ. ಆದ್ದರಿಂದ "ಅಷ್ಟೇನಾ? ಹೋದರೆ ಹೋಯಿತು ಬಿಡು" ಎಂದು ಹಗುರವಾಗಿ ಸಮಾಧಾನ ಹೇಳುವುದು ಸರಿಯಲ್ಲ. ನಷ್ಟ ನಿಜವಾದುದೇ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 16ನೆಯ ಕಲಮಿನ ಪ್ರಕಾರ, ಕಾಯಿಲೆ ಅಥವಾ ಅಂಗವೈಕಲ್ಯದಿಂದಾಗಿ ಒಬ್ಬನು ವಾಹನ ಓಡಿಸಲು ಅನರ್ಹನಾಗಿದ್ದಾನೆಂದು ನಂಬಲು ಸಕಾರಣವಿದ್ದರೆ ಲೈಸನ್ಸ್ ಕೊಡುವ ಅಧಿಕಾರಿಯು ಯಾವಾಗ ಬೇಕಾದರೂ ಅದನ್ನು ರದ್ದುಪಡಿಸಬಹುದು, ಇಲ್ಲವೇ ವೈದ್ಯರ ಪ್ರಮಾಣಪತ್ರ ತರಲು ಹೇಳಬಹುದು. 17ನೆಯ ಕಲಮಿನಂತೆ ರದ್ದತಿಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕು ನಿಮಗಿದೆ. ತನ್ನ ಕಾಯಿಲೆಯಿಂದ ಜನರಿಗೆ ಅಪಾಯವಿದೆಯೆಂದು ತಿಳಿದೂ ವಾಹನ ಓಡಿಸುವುದು 186ನೆಯ ಕಲಮಿನಂತೆ ಅಪರಾಧ.

ಎಲ್ಲ ಕಾಯಿಲೆಗಳೂ ಒಂದೇ ಅಲ್ಲ. ಪೊರೆಯಿಂದ ದೃಷ್ಟಿ ಮಸುಕಾಗಿದ್ದರೆ ಶಸ್ತ್ರಚಿಕಿತ್ಸೆಯ ಬಳಿಕ ಹೆಚ್ಚಿನವರಿಗೆ ದೃಷ್ಟಿ ಮರಳುತ್ತದೆ. ಹಗಲಿನ ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಫಲಕವನ್ನು, ಬೇಕಿದ್ದರೆ ಕನ್ನಡಕ ಧರಿಸಿ, ಓದಲು ಸಾಧ್ಯವೇ ಎಂಬುದು ಅಲ್ಲಿನ ಪ್ರಶ್ನೆ. ಕೈಕಾಲಿನ ಊನವಿದ್ದವರು ಮಾರ್ಪಡಿಸಿದ ವಾಹನಕ್ಕೆ ಲೈಸನ್ಸ್ ಪಡೆಯಬಹುದು. ಆದರೆ ಅಪಸ್ಮಾರದ ಮಾತು ಕಠಿಣ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 12 ತಿಂಗಳು ಮೂರ್ಛೆ ಬಾರದಿದ್ದರೆ ಮತ್ತೆ ಕಾರು ಓಡಿಸಲು ಅನುಮತಿ ಸಿಗುತ್ತದೆ. ನಮ್ಮ ದೇಶದ ನಿಯಮಗಳಲ್ಲಿ ಅಂಥ ಅವಧಿಯನ್ನು ನಿಗದಿಪಡಿಸಿಲ್ಲ. ಇದು ಬದಲಾಗಬೇಕೆಂದು ವಾದಿಸುವ ವೈದ್ಯರಿದ್ದಾರೆ. ಬದಲಾವಣೆಯನ್ನು ಕೇಳುವುದು ತಪ್ಪಲ್ಲ. ಅದು ಬರುವ ತನಕ ಗುಟ್ಟಾಗಿ ಓಡಿಸುವುದು ಮಾತ್ರ ತಪ್ಪು.

ಸಹಿಯೂ ಒಂದು ಸಾಕ್ಷ್ಯ

ಲೈಸನ್ಸ್‌ಗೆ ಅರ್ಜಿ ಹಾಕುವಾಗ ಫಾರಂ 1 ಎಂಬ ಘೋಷಣಾ ಪತ್ರವನ್ನು ತುಂಬಿಸಬೇಕು. ಅಪಸ್ಮಾರ ಇದೆಯೇ? ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಬರುವುದು ಉಂಟೇ? ಎಂದು ಅದರಲ್ಲಿ ಕೇಳಲಾಗಿದೆ. ಕೆಳಗೆ ನಿಮ್ಮ ಸಹಿ. ಅನೇಕರು ಇದನ್ನು ಏಜೆಂಟನ ಕೈಗೆ ಕೊಟ್ಟು ಓದದೆಯೇ ಸಹಿ ಹಾಕುತ್ತಾರೆ. ಇನ್ನು ಕೆಲವರು ಓದಿಯೇ "ಇಲ್ಲ" ಎಂದು ಬರೆಯುತ್ತಾರೆ.

ಪ್ರಿಯ ಓದುಗರೇ, ಆ "ಇಲ್ಲ" ಒಂದು ಸಾಕ್ಷ್ಯ. ಸೂರಃ ಅನ್ನಿಸಾದ 135ನೆಯ ಸೂಕ್ತದಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ನ್ಯಾಯದ ಪರವಾಗಿ ನಿಂತು ಸಾಕ್ಷ್ಯ ಹೇಳಲು ಆಜ್ಞಾಪಿಸಿದ್ದಾನೆ, ಅದು ಸ್ವತಃ ತಮಗೇ ವಿರುದ್ಧವಾಗಿದ್ದರೂ ಸರಿ. ಇತರರ ವಿರುದ್ಧ ಸತ್ಯ ಹೇಳುವುದು ಸುಲಭ. ತನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಸತ್ಯಕ್ಕೆ ಸಹಿ ಹಾಕುವಾಗ ಈಮಾನಿನ ಪರೀಕ್ಷೆಯಾಗುತ್ತದೆ. ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ)ಯವರು ಮಹಾ ಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. (ಬುಖಾರಿ, ಮುಸ್ಲಿಮ್)

ಇಲ್ಲಿ ಪಣಕ್ಕೆ ಬೀಳುವುದು ಇತರರ ಜೀವ. ಘಟ್ಟದ ತಿರುವಿನಲ್ಲಿ ಚಾಲಕನ ಎಚ್ಚರ ತಪ್ಪಲು ಕೆಲವು ಕ್ಷಣಗಳು ಸಾಕು. ಎದುರಿನಿಂದ ಬರುವ ಬೈಕಿನಲ್ಲಿ ಒಬ್ಬ ತಂದೆ, ರಸ್ತೆಯಂಚಿನಲ್ಲಿ ಛತ್ರಿ ಹಿಡಿದು ನಡೆಯುವ ಶಾಲಾಮಕ್ಕಳು. ಅವರು ಮುಸ್ಲಿಮರಾಗಿರಲಿ, ಹಿಂದೂಗಳಾಗಿರಲಿ, ಅವರ ಜೀವ ಅಲ್ಲಾಹನ ಬಳಿ ಪವಿತ್ರವಾದುದು. ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದಂತೆ ಎಂಬುದು ಸೂರಃ ಅಲ್‌ಮಾಇದದ 32ನೆಯ ಸೂಕ್ತದ ಬೋಧನೆ. ಕಾಯಿಲೆಯನ್ನು ಅರಿತು ತಾನಾಗಿಯೇ ಗಾಡಿಯ ಕೀಲಿಯನ್ನು ಬದಿಗಿಟ್ಟವನು ಎಷ್ಟು ಜೀವಗಳನ್ನು ಉಳಿಸಿದನೆಂಬುದು ಅಲ್ಲಾಹನಿಗಷ್ಟೇ ಗೊತ್ತು. ಅದನ್ನು ಸೋಲೆಂದು ಕರೆಯಬೇಡಿ. ಅದೊಂದು ಸತ್ಕರ್ಮ.

"ಅಲ್ಲಾಹನ ಮೇಲೆ ಭರವಸೆಯಿಟ್ಟು ಓಡಿಸು, ಏನೂ ಆಗುವುದಿಲ್ಲ" ಎಂದು ಹುರಿದುಂಬಿಸುವ ಗೆಳೆಯರಿದ್ದಾರೆ. ಅವರು ಒಂದು ಘಟನೆಯನ್ನು ನೆನಪಿಡಬೇಕು. ಒಂದು ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ತಾಗಿ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಮಾಡಬಹುದೇ ಎಂದು ಸಂಗಾತಿಗಳನ್ನು ಕೇಳಿದರು. ಆಗದೆಂದು ಅವರು ಹೇಳಿದ್ದರಿಂದ ಸ್ನಾನ ಮಾಡಿ ಮೃತಪಟ್ಟರು. ವಿಷಯ ತಿಳಿದ ಪ್ರವಾದಿ(ಸ)ಯವರು ಅತ್ಯಂತ ನೊಂದು, ಆ ಸಂಗಾತಿಗಳೇ ಅವರನ್ನು ಕೊಂದರೆಂದು ಹೇಳಿದರು. ತಿಳಿಯದಿದ್ದರೆ ಕೇಳಬೇಕಿತ್ತು ಎಂದೂ ಎಚ್ಚರಿಸಿದರು. (ಅಬೂದಾವೂದ್) ಅರಿವಿಲ್ಲದ ಸಲಹೆಯೂ ಜೀವ ತೆಗೆಯುತ್ತದೆ. ಈ ವಿಷಯದಲ್ಲಿ ಕೇಳಬೇಕಾದುದು ವೈದ್ಯರನ್ನು, ಚಾವಡಿಯಲ್ಲಿ ಕುಳಿತವರನ್ನಲ್ಲ.

ಕಾಯಿಲೆ ಅಪಮಾನವಲ್ಲ

ಅಪಸ್ಮಾರದ ಬಗ್ಗೆ ನಮ್ಮ ಮನೆಗಳಲ್ಲಿ ಭಯವೂ ನಾಚಿಕೆಯೂ ಇವೆ. ಜಿನ್ನ್ ಹಿಡಿದಿದೆಯೆಂದು ಊರೂರು ಅಲೆಸುವವರಿದ್ದಾರೆ. ಕೈಗೆ ಕಬ್ಬಿಣ ಕೊಟ್ಟು ಕೂರುವವರಿದ್ದಾರೆ. ಮದುವೆಗೆ ಅಡ್ಡಿಯಾದೀತೆಂದು ಔಷಧವನ್ನೇ ಬಚ್ಚಿಡುವವರೂ ಇದ್ದಾರೆ. ಇಂಥವರಿಗೆಲ್ಲ ಹಝ್ರತ್ ಇಬ್ನು ಅಬ್ಬಾಸ್(ರ)ರು ತಮ್ಮ ಶಿಷ್ಯ ಅತಾಅ್ ಬಿನ್ ಅಬೀ ರಬಾಹ್‌ರಿಗೆ ತೋರಿಸಿಕೊಟ್ಟ ಮಹಿಳೆಯ ಕಥೆ ಒಳ್ಳೆಯ ಪಾಠ.

ಅವರು ಕಪ್ಪು ವರ್ಣದ ಒಬ್ಬ ಮಹಿಳೆ. ಪ್ರವಾದಿ(ಸ)ಯವರ ಬಳಿ ಬಂದು, ತನಗೆ ಮೂರ್ಛೆ ಬರುತ್ತದೆ, ಆಗ ಮೈಮೇಲಿನ ಬಟ್ಟೆ ಸರಿದುಹೋಗುತ್ತದೆ, ತನಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಸಹನೆ ವಹಿಸಿದರೆ ಸ್ವರ್ಗವಿದೆ, ಬೇಕಿದ್ದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದು ಪ್ರವಾದಿ(ಸ)ಯವರು ಆಯ್ಕೆಯನ್ನು ಅವರಿಗೇ ಬಿಟ್ಟರು. ಅವರು ಸಹನೆಯನ್ನು ಆರಿಸಿಕೊಂಡು, ಮೈ ತೆರೆದುಕೊಳ್ಳದಂತೆ ಮಾತ್ರ ಪ್ರಾರ್ಥಿಸಲು ಕೋರಿದರು. ಪ್ರವಾದಿ(ಸ)ಯವರು ಹಾಗೆಯೇ ಪ್ರಾರ್ಥಿಸಿದರು. (ಬುಖಾರಿ, ಮುಸ್ಲಿಮ್)

ಗಮನಿಸಿ, ಆ ಸಮಾಜದಲ್ಲಿ ಆಕೆಯ ಗುರುತು ಮೂರ್ಛೆ ರೋಗಿ ಎಂದಲ್ಲ, ಸ್ವರ್ಗದ ಮಹಿಳೆ ಎಂದು. ಆಕೆಯ ಮಾನ ಉಳಿಯಬೇಕೆಂಬ ಕಾಳಜಿಗೆ ಪ್ರವಾದಿ(ಸ)ಯವರು ಬೆಲೆ ಕೊಟ್ಟರು. ಹಾಗೆಂದು ಈ ಹದೀಸನ್ನು ಚಿಕಿತ್ಸೆ ಬಿಡಲು ನೆಪ ಮಾಡಬಾರದು. ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರೂ ಅದೇ ಪ್ರವಾದಿ(ಸ)ಯವರೇ. (ತಿರ್ಮಿದಿ, ಅಬೂದಾವೂದ್) ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ. ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ನೂರಕ್ಕೆ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬಾಳಬಲ್ಲರು. ಔಷಧವನ್ನು ಹೊತ್ತಿಗೆ ಸರಿಯಾಗಿ ಸೇವಿಸಬೇಕು, ವೈದ್ಯರು ಹೇಳದೆ ನಿಲ್ಲಿಸಬಾರದು, ನಿದ್ದೆಗೆಡಬಾರದು. ರಮಝಾನ್ ಬರುವ ಮೊದಲೇ ಔಷಧದ ಹೊತ್ತಿನ ಬಗ್ಗೆ ವೈದ್ಯರಲ್ಲಿ ವಿಚಾರಿಸಿರಿ. ರೋಗಿಗೆ ಅಲ್ಲಾಹನೇ ಕೊಟ್ಟಿರುವ ರಿಯಾಯಿತಿಯನ್ನು ಬಳಸಿಕೊಳ್ಳಲು ಸಂಕೋಚ ಬೇಡ.

ಮನೆಯವರೂ ಒಂದು ವಿಷಯ ಕಲಿತಿರಬೇಕು. ಮೂರ್ಛೆ ಬಂದಾಗ ಬಾಯಿಗೆ ಏನನ್ನೂ ತುರುಕಬಾರದು, ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ಮಗ್ಗುಲಾಗಿ ಮಲಗಿಸಿ, ಹೊತ್ತು ನೋಡಬೇಕು. ಐದು ನಿಮಿಷ ದಾಟಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕು.

ಕಣ್ಣೀರಿಗೆ ಇಸ್ಲಾಮಿನಲ್ಲಿ ಎಡೆಯಿದೆ

ಸಹನೆಯೆಂದರೆ ದುಃಖಪಡಬಾರದೆಂದಲ್ಲ. ಹಿಜರಿ 9ರಲ್ಲಿ ತಬೂಕ್ ಯಾತ್ರೆಗೆ ಹೊರಡುವಾಗ ಕೆಲವು ಬಡ ಸ್ವಹಾಬಿಗಳು ತಮಗೊಂದು ಸವಾರಿ ಕೊಡಿರೆಂದು ಬಂದರು. ಕೊಡಲು ಪ್ರವಾದಿ(ಸ)ಯವರ ಬಳಿ ಸವಾರಿ ಇರಲಿಲ್ಲ. ಅವರು ಕಣ್ಣೀರು ಸುರಿಸುತ್ತಾ ಮರಳಿದ್ದನ್ನು ಸೂರಃ ಅತ್ತೌಬದ 92ನೆಯ ಸೂಕ್ತವು ವರ್ಣಿಸುತ್ತದೆ. ಆ ಕಣ್ಣೀರನ್ನು ಕುರ್‌ಆನ್ ಖಂಡಿಸಲಿಲ್ಲ. ಅಂಥವರ ಮೇಲೆ ದೋಷವಿಲ್ಲವೆಂದು ಸಾರಿತು. ಮರಳುವ ದಾರಿಯಲ್ಲಿ ಪ್ರವಾದಿ(ಸ)ಯವರು, ಅಡ್ಡಿಯಿಂದಾಗಿ ಮದೀನಾದಲ್ಲಿ ಉಳಿದವರು ನಾವು ದಾಟಿದ ಪ್ರತಿಯೊಂದು ಕಣಿವೆಯಲ್ಲೂ ನಮ್ಮ ಜೊತೆಗೇ ಇದ್ದರು ಎಂಬ ಅರ್ಥದ ಮಾತು ಹೇಳಿದರು. (ಬುಖಾರಿ)

ಸವಾರಿಯಿಲ್ಲದೆ ಹಿಂದುಳಿದವರಿಗೆ ಇದಕ್ಕಿಂತ ಮಿಗಿಲಾದ ಸಾಂತ್ವನ ಬೇಕೇ? ಮನುಷ್ಯನು ಕಾಯಿಲೆ ಬಿದ್ದರೆ, ಆರೋಗ್ಯದಲ್ಲಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪ್ರತಿಫಲ ಅವನ ಹೆಸರಿನಲ್ಲಿ ಬರೆಯಲ್ಪಡುತ್ತಲೇ ಇರುತ್ತದೆಂದೂ ಹದೀಸಿನಲ್ಲಿದೆ. (ಬುಖಾರಿ) ಅನಾಥರ ಮನೆಗೆ ಅಕ್ಕಿಯ ಮೂಟೆ ಒಯ್ಯುತ್ತಿದ್ದ, ನೆರೆಮನೆಯ ಗರ್ಭಿಣಿಯನ್ನು ನಡುರಾತ್ರಿ ಆಸ್ಪತ್ರೆಗೆ ಸಾಗಿಸುತ್ತಿದ್ದ ಚಾಲಕನೇ, ನಿನ್ನ ಆ ಓಡಾಟ ನಿಂತಿಲ್ಲ. ಅದು ನಿನ್ನ ಲೆಕ್ಕದಲ್ಲಿ ಇನ್ನೂ ಸಾಗುತ್ತಲೇ ಇದೆ.

ದೃಷ್ಟಿಯಿಲ್ಲದ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ)ರು ಮದೀನಾದ ಮಸೀದಿಯಲ್ಲಿ ಅದಾನ್ ಕೊಡುತ್ತಿದ್ದರು. ಪ್ರವಾದಿ(ಸ)ಯವರು ಊರಿನಲ್ಲಿಲ್ಲದಾಗ ಅವರ ಪ್ರತಿನಿಧಿಯಾಗಿಯೂ ನೇಮಕಗೊಂಡಿದ್ದರು. ಒಂದು ಸಾಮರ್ಥ್ಯ ಹೋದ ಮಾತ್ರಕ್ಕೆ ಮನುಷ್ಯನನ್ನು ಮೂಲೆಗೆ ತಳ್ಳುವುದು ಆ ಸಮಾಜದ ರೀತಿಯಾಗಿರಲಿಲ್ಲ.

ಉಳಿದವರ ಹೊಣೆ

ಇದುವರೆಗೆ ಹೇಳಿದ್ದು ಲೈಸನ್ಸ್ ಕಳಕೊಂಡವನಿಗೆ. ಇನ್ನು ಲೈಸನ್ಸ್ ಇರುವ ನಮಗೆ. ಅವನು ನಮ್ಮ ಮಕ್ಕಳ ಜೀವಕ್ಕಾಗಿ ತನ್ನ ಗಾಡಿಯನ್ನು ಬಿಟ್ಟಿದ್ದಾನೆ. ಅದಕ್ಕೆ ಪ್ರತಿಯಾಗಿ ನಾವೇನು ಕೊಟ್ಟೆವು?

ಒಂದು ಪ್ರಯಾಣದಲ್ಲಿ ಪ್ರವಾದಿ(ಸ)ಯವರು, ಹೆಚ್ಚಿನ ಸವಾರಿ ಇರುವವರು ಇಲ್ಲದವರಿಗೆ ಅದನ್ನು ಕೊಡಬೇಕೆಂದು ಆಜ್ಞಾಪಿಸಿದರು. (ಮುಸ್ಲಿಮ್) ಒಬ್ಬನನ್ನು ಅವನ ಸವಾರಿಯ ಮೇಲೆ ಹತ್ತಿಸಲು ನೆರವಾಗುವುದು, ಅವನ ಸಾಮಾನನ್ನು ಎತ್ತಿಕೊಡುವುದು ದಾನವೆಂದು ಕಲಿಸಿದರು. (ಬುಖಾರಿ, ಮುಸ್ಲಿಮ್) ಹೆಚ್ಚಿನ ಸವಾರಿಯೆಂದರೆ ಇಂದು ಕಾರಿನಲ್ಲಿ ಖಾಲಿ ಉಳಿಯುವ ಸೀಟು. ಜುಮಾಕ್ಕೆ ಹೋಗುವಾಗ ನಿಮ್ಮ ದಾರಿಯಲ್ಲಿ ಯಾರ ಮನೆಯಿದೆ? ಸಂತೆಯ ದಿನ ನಿಮ್ಮ ಜೀಪಿನಲ್ಲಿ ಯಾರಿಗೆ ಜಾಗವಿದೆ? ಅವನು ಕೇಳಲಿ ಎಂದು ಕಾಯಬೇಡಿ. ನಿನ್ನೆಯವರೆಗೆ ಊರಿಗೆಲ್ಲ ಗಾಡಿ ಓಡಿಸಿದವನಿಗೆ ಇನ್ನೊಬ್ಬರಲ್ಲಿ ಸೀಟು ಕೇಳುವುದು ಬಹಳ ಕಷ್ಟ. ನೀವೇ ಅವನ ಮನೆ ಮುಂದೆ ಹಾರ್ನ್ ಹೊಡೆಯಿರಿ.

ಜಮಾಅತಿನ ಹಿರಿಯರು ಅವನ ಜೀವನೋಪಾಯದ ಬಗ್ಗೆಯೂ ಯೋಚಿಸಬೇಕು. ಗಾಡಿಯನ್ನು ನಂಬಿಗಸ್ತನಾದ ಇನ್ನೊಬ್ಬ ಚಾಲಕನಿಗೆ ಪಾಲಿನಲ್ಲಿ ವಹಿಸಿಕೊಡಬಹುದು. ಅಂಗಡಿ, ಅಡಿಕೆ ವ್ಯಾಪಾರ, ಸಾಗಣೆಯ ಲೆಕ್ಕಪತ್ರಗಳಲ್ಲಿ ಅವನ ಅನುಭವಕ್ಕೆ ಬೆಲೆಯಿದೆ. ಗಾಡಿಯ ಸಾಲದ ಭಾರದಲ್ಲಿ ಮುಳುಗಿದ್ದರೆ, ಝಕಾತಿನ ಹಕ್ಕುದಾರರಲ್ಲಿ ಸಾಲಗಾರರೂ ಇದ್ದಾರೆಂಬುದನ್ನು ಸೂರಃ ಅತ್ತೌಬದ 60ನೆಯ ಸೂಕ್ತ ತಿಳಿಸುತ್ತದೆ. ಉಲಮಾಗಳಲ್ಲಿ ವಿಚಾರಿಸಿ ನೆರವಾಗಬಹುದು. ಸಾರಿಗೆ ನಿಗಮದಂಥ ಸಂಸ್ಥೆಯ ನೌಕರನಾಗಿದ್ದರೆ ದಾರಿ ಮುಚ್ಚಿತೆಂದು ಭಾವಿಸಬಾರದು. ಬಣ್ಣಗುರುಡಿನಿಂದ ಕೆಲಸ ಕಳಕೊಂಡ ತೆಲಂಗಾಣ ಸಾರಿಗೆ ನಿಗಮದ ಚಾಲಕರೊಬ್ಬರಿಗೆ ಬೇರೆ ಕೆಲಸ ಕೊಡಬೇಕೆಂದು 2025ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ಮನೆಯೊಳಗೂ ಎಚ್ಚರ ಬೇಕು. ಮಗ ಸ್ಟಿಯರಿಂಗ್ ಹಿಡಿದ ಮಾತ್ರಕ್ಕೆ ತಂದೆ ಮನೆಯ ಯಜಮಾನನಲ್ಲದೆ ಹೋಗುವುದಿಲ್ಲ. ಎಲ್ಲಿಗೆ, ಯಾವಾಗ, ಏಕೆ ಹೋಗಬೇಕೆಂದು ಅವರೊಂದಿಗೆ ಮೊದಲಿನಂತೆಯೇ ಸಮಾಲೋಚಿಸಿರಿ. ಪತ್ನಿಯೋ ಮಗಳೋ ವಾಹನ ಕಲಿಯಲು ಮುಂದೆ ಬಂದರೆ ತಡೆಯದೆ ಕಲಿಸಿರಿ.

ಚಿಕ್ಕಮಗಳೂರಿನ ಸಾರಿಗೆ ಕಚೇರಿ ಕೊಟ್ಟ ಲೈಸನ್ಸ್‌ಗೆ ಒಂದು ಅವಧಿಯಿದೆ. ಅದು ಕಾಯಿಲೆಯಿಂದ ಇಂದು ಮುಗಿಯಬಹುದು, ಪ್ರಾಯದಿಂದ ನಾಳೆ ಮುಗಿಯಬಹುದು. ಒಬ್ಬೊಬ್ಬರಾಗಿ ನಾವೆಲ್ಲರೂ ಚಾಲಕನ ಸೀಟಿನಿಂದ ಇಳಿಯಬೇಕಾದವರೇ. ಇಂದು ಇನ್ನೊಬ್ಬನಿಗಾಗಿ ಬಾಗಿಲು ತೆರೆದವನು, ತಾನು ಇಳಿಯುವ ದಿನ ತನಗೂ ಒಂದು ಬಾಗಿಲು ತೆರೆಯುವುದನ್ನು ನಿರೀಕ್ಷಿಸಬಹುದು.

ಅಲ್ಲಾಹನು ರೋಗಿಗಳಿಗೆ ಶಮನವನ್ನೂ, ಕಳಕೊಂಡವರಿಗೆ ಅದಕ್ಕಿಂತ ಉತ್ತಮವಾದುದನ್ನೂ, ನಮಗೆ ಪರಸ್ಪರ ಹೊರೆ ಹೊರುವ ಮನಸ್ಸನ್ನೂ ಕರುಣಿಸಲಿ. ಆಮೀನ್.