ಮೊದಲು ನೆಲ, ಆಮೇಲೆ ಲೇಥ್: ಮನೆ ವರ್ಕ್‌ಶಾಪ್‌ಗೆ 9 ಸೂತ್ರಗಳು

ಐಟಿಐ ಮುಗಿಸಿ ಕಂಪನಿಯಲ್ಲಿ ಶಿಫ್ಟ್ ಮಾಡುತ್ತಿದ್ದೀರಾ? ಡಿಪ್ಲೊಮಾ ಓದುತ್ತಲೇ ಊರಿನ ಹಿತ್ತಲಲ್ಲಿ ಸ್ವಂತ ಶೆಡ್ ಹಾಕುವ ಲೆಕ್ಕದಲ್ಲಿದ್ದೀರಾ? ಶುರು ಮಾಡಿ. ಆದರೆ ಮೊದಲ ದುಡ್ಡು ನೆಲಕ್ಕೆ ಇಡಿ. ಮೆಷಿನ್ ಮಾರಿ ಬೇರೆ ತರಬಹುದು, ಶೀಟ್ ಬಿಚ್ಚಿ ಹೊಸದು ಹಾಕಬಹುದು. ಕೆಟ್ಟ ಕಾಂಕ್ರೀಟ್ ಅಗೆಯಬೇಕೆಂದರೆ ಶೆಡ್ಡನ್ನೇ ಖಾಲಿ ಮಾಡಬೇಕು.

1. ಅಳತೆಯನ್ನು ಪೈಪಿನಿಂದ ಶುರು ಮಾಡಿ
ಎಂಎಸ್ ಪೈಪ್ ಬರುವುದು 20 ಅಡಿ ಉದ್ದದಲ್ಲಿ. ಅದನ್ನು ಯಾವ ಜಾಗದಲ್ಲಿ ಬೇಕಾದರೂ ಕಟ್ ಮಾಡಬೇಕೆಂದರೆ ಕಟಿಂಗ್ ಮೆಷಿನ್‌ನ ಎರಡೂ ಕಡೆ 20 ಅಡಿ ಇರಬೇಕು. ಅಂದರೆ ಉದ್ದ 40. ಎಂಟು ಅಡಿಯ ಪ್ಲೈವುಡ್ ಸೀಳಲು ಟೇಬಲ್ ಸಾ ಮುಂದೆ 8, ಹಿಂದೆ 8 ಅಡಿ ಬೇಕು. ಟೇಬಲ್‌ನ ಜಾಗವೂ ಸೇರಿದರೆ ಅಗಲ 20. ‘ಅಷ್ಟು ದೊಡ್ಡದು ನಮಗ್ಯಾಕೆ’ ಎನ್ನುವ ಮಾತನ್ನು ಇಲ್ಲೇ ಬಿಡಿ. ಲೆಕ್ಕ ಹಾಕಿ ಬಂದ ಅಳತೆಗೆ ಸಂಕೋಚ ಬೇಡ.

2. ಮಣ್ಣು ಯಾವುದೆಂದು ಮೊದಲು ತಿಳಿಯಿರಿ
ಗದಗ, ವಿಜಯಪುರದ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಸುರಿಯಬೇಡಿ. ಅಗೆದು ತೆಗೆಸಿ, ಗರಸು ತುಂಬಿ, ಆರಾರು ಇಂಚಿನ ಪದರಕ್ಕೊಮ್ಮೆ ನೀರು ಚಿಮುಕಿಸಿ ಕಂಪ್ಯಾಕ್ಟರ್ ಹೊಡೆಸಿ. ಕರಾವಳಿ, ಮಲೆನಾಡಿನಲ್ಲಿ ಕೆಳಗಿನಿಂದ ಏರುವ ತೇವದ ಕಾಟ ಹೆಚ್ಚು. ಎಲ್ಲೇ ಇರಲಿ, ಕಾಂಕ್ರೀಟಿನ ಕೆಳಗೆ 250 ಮೈಕ್ರಾನ್ ಪಾಲಿಥಿನ್ ಹಾಸಿ. ಇದನ್ನು ಬಿಟ್ಟರೆ ಮುಂದೆ ನೆಲದ ಮೇಲೆ ಹಾಕುವ ಎಪಾಕ್ಸಿ ಕೋಟ್ ಗುಳ್ಳೆ ಏಳುತ್ತದೆ.

3. ಪೈಪ್‌ಗಳನ್ನು ಈಗಲೇ ಹೂಳಿ
ನಡುವೆ ನಿಲ್ಲುವ ಮೆಷಿನ್‌ಗೆ ಕರೆಂಟ್ ನೆಲದೊಳಗಿಂದಲೇ ಬರಬೇಕು. ಇವತ್ತು ಸಿಂಗಲ್ ಫೇಸ್ ಇದ್ದರೂ ತ್ರೀ-ಫೇಸ್ ಕೇಬಲ್ ಹಿಡಿಸುವಷ್ಟು ದಪ್ಪದ ಪಿವಿಸಿ ಪೈಪ್ ಹಾಕಿ, ಒಳಗೆ ಒಂದು ತಂತಿ ಎಳೆದಿಡಿ.

4. ದಪ್ಪದಲ್ಲಿ ಉಳಿತಾಯ ಬೇಡ
5 ಇಂಚು ಹಾಕಿ. ಲೇಥ್, ಪ್ರೆಸ್ ಕೂರುವ ಜಾಗದಲ್ಲಿ 8 ಇಂಚು ಮಾಡಿ. 20×40ಕ್ಕೆ 5 ಇಂಚಿನಂತೆ ಸುಮಾರು 9.5 ಕ್ಯೂಬಿಕ್ ಮೀಟರ್ ಕಾಂಕ್ರೀಟ್ ಬೇಕು. ದಪ್ಪ ಮಾಡಿದ ಜಾಗದ ಲೆಕ್ಕ ಬೇರೆ ಸೇರಿಸಿ, ಎಂ25 ರೆಡಿಮಿಕ್ಸ್ ತರಿಸಿ. ಕಂಬಿಯ ಜಾಲರಿಯನ್ನು ಕವರ್ ಬ್ಲಾಕ್ ಮೇಲೆ ಎತ್ತಿಯೇ ಕೂರಿಸಿ. ನೆಲಕ್ಕಂಟಿ ಮಲಗಿದ ಕಂಬಿ ಯಾವ ಬಿರುಕನ್ನೂ ಹಿಡಿಯುವುದಿಲ್ಲ. ಗೋಡೆ ಮತ್ತು ಪಿಲ್ಲರ್ ಸುತ್ತ ಥರ್ಮಾಕೋಲ್ ಪಟ್ಟಿ ಇಟ್ಟು ಸ್ಲ್ಯಾಬನ್ನು ಬಿಡಿಸಿ. ಮೆಷಿನ್ ಜಾಗ ರಸಮಟ್ಟಕ್ಕೆ ಸರಿಯಾಗಿ ಸಮ ಇರಲಿ, ಇಳಿಜಾರು ಶಟರ್ ಬಳಿ ಮಾತ್ರ ಕೊಡಿ.

5. ನೀರಿನ ವಿಷಯದಲ್ಲಿ ಮಣಿಯಬೇಡಿ
‘ಸ್ವಲ್ಪ ನೀರು ಬಿಟ್ರೆ ಚೆನ್ನಾಗಿ ಹರಿಯುತ್ತೆ ಸಾರ್, ಏನೂ ಆಗಲ್ಲ’ ಎಂದು ಮೇಸ್ತ್ರಿ ಹೇಳಿಯೇ ಹೇಳುತ್ತಾರೆ. ಆಗುತ್ತದೆ. ಸಿಮೆಂಟ್ ಗಟ್ಟಿಯಾಗಲು ಬೇಕಾದ್ದಕ್ಕಿಂತ ಹೆಚ್ಚಿಗೆ ಹಾಕಿದ ನೀರು ಆವಿಯಾಗಿ ಹೋಗುವಾಗ ಸಣ್ಣ ಸಣ್ಣ ರಂಧ್ರ ಬಿಟ್ಟು ಹೋಗುತ್ತದೆ. ನೆಲ ಕುಗ್ಗಿ ಬಿರಿಯುತ್ತದೆ, ವರ್ಷವಿಡೀ ಗುಡಿಸಿದಷ್ಟೂ ಬಿಳಿ ಧೂಳು ಬರುತ್ತದೆ. ಸೈಟ್‌ನಲ್ಲೇ ಕಲಸುವುದಾದರೆ 50 ಕೆಜಿ ಮೂಟೆಗೆ 25 ಲೀಟರ್ ದಾಟಬೇಡಿ. ಎಂ-ಸ್ಯಾಂಡ್ ಒದ್ದೆ ಇದ್ದರೆ ಅದರಲ್ಲೂ ಕಡಿಮೆ ಮಾಡಿ. ರೆಡಿಮಿಕ್ಸ್ ಲಾರಿಗೆ ಪೈಪ್ ಹಿಡಿಯಲು ಯಾರನ್ನೂ ಬಿಡಬೇಡಿ. ಹರಿಯಬೇಕೆಂದರೆ ಪ್ಲಾಂಟ್‌ನಲ್ಲೇ ಪ್ಲಾಸ್ಟಿಸೈಸರ್ ಹಾಕಿಸಿ. ವಯಸ್ಸಿನಲ್ಲಿ ಹಿರಿಯರಿಗೆ ಎದುರಾಡುವುದು ಹೇಗೆ ಎಂಬ ಮುಜುಗರ ಬೇಡ. ಮರ್ಯಾದೆಯಿಂದ ಹೇಳಿ, ಆದರೆ ಹೇಳಿದ್ದನ್ನು ಬದಲಿಸಬೇಡಿ.

6. ಕರಣೆ ಎಳೆಯಲು ಅವಸರ ಪಡಬೇಡಿ
ಕಾಂಕ್ರೀಟ್ ಹಾಕಿದ ಮೇಲೆ ಮೇಲ್ಮೈಗೆ ನೀರು ಬರುತ್ತದೆ. ಅದು ಆರುವವರೆಗೆ ಮುಟ್ಟಬೇಡಿ. ನಿಂತು ನೋಡಿ: ಕಾಲಿನ ಗುರುತು ಕಾಲಿಂಚಿಗಿಂತ ಆಳಕ್ಕೆ ಇಳಿಯದಿದ್ದರೆ ಪವರ್ ಟ್ರೋವೆಲ್ ಇಳಿಸುವ ಹೊತ್ತು. ನೀರನ್ನು ಬೇಗ ಹೀರಿಸಲು ಮೇಲೆ ಒಣ ಸಿಮೆಂಟ್ ಚೆಲ್ಲಿ ನೀಟುವ ಅಭ್ಯಾಸ ನಮ್ಮಲ್ಲಿ ಬಹಳ. ಮೊದಲ ವಾರ ಕನ್ನಡಿಯಂತೆ ಕಾಣುತ್ತದೆ, ಆಮೇಲೆ ಹಪ್ಪಳದಂತೆ ಏಳುತ್ತದೆ. ಬೇಕಿದ್ದರೆ ಫ್ಲೋರ್ ಹಾರ್ಡ್‌ನರ್ ಪುಡಿ ಉದುರಿಸಿ, ಅದೂ ನೀರು ಆರಿದ ಮೇಲೆಯೇ. ರೆಡ್ ಆಕ್ಸೈಡ್ ನೆಲ ಹಾಕುತ್ತಿದ್ದ ಹಳೇ ಗಾರೆಯವರಿಗೆ ಈ ಹೊತ್ತು ಬೆರಳಿಟ್ಟರೆ ಗೊತ್ತಾಗುತ್ತಿತ್ತು. ಅಂಥವರು ಸಿಕ್ಕರೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

7. ಬಿರುಕು ಎಲ್ಲಿ ಬರಬೇಕೆಂದು ನೀವೇ ಹೇಳಿ
ಕಾಂಕ್ರೀಟ್ ಒಣಗುವಾಗ ಕುಗ್ಗಿಯೇ ತೀರುತ್ತದೆ. 10 ಅಡಿಗೊಂದರಂತೆ, ಒಂದೂಕಾಲು ಇಂಚು ಆಳಕ್ಕೆ ಗ್ರೂವ್ ಕಟಿಂಗ್ ಮಾಡಿಸಿ. ಆಗ ಬಿರುಕು ಆ ಗೆರೆಯೊಳಗೇ ಅಡಗುತ್ತದೆ. ಅಂಚು ಉದುರದಷ್ಟು ಗಟ್ಟಿಯಾದ ಕೂಡಲೇ ಕಟರ್ ಇಳಿಸಿ. ಎರಡು ದಿನ ಬಿಟ್ಟು ಕರೆಸಿದರೆ ಬಿರುಕು ಆಗಲೇ ತನ್ನ ದಾರಿ ಹಿಡಿದಿರುತ್ತದೆ.

8. ಈಗ ನೀರು ಕೊಡಿ, ಧಾರಾಳವಾಗಿ
ಇಂದು ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿ ಸಿಮೆಂಟ್. ಐಎಸ್ 456 ಪ್ರಕಾರ ಇಂಥದ್ದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, ಬಿರುಬಿಸಿಲಿನ ಒಣ ಹವೆಯಲ್ಲಿ 14. ಪಾತಿ ಕಟ್ಟಿ ನೀರು ನಿಲ್ಲಿಸಿ, ಇಲ್ಲವೇ ಗೋಣಿಚೀಲ ಹಾಸಿ ಒದ್ದೆ ಇಡಿ. ಡ್ಯೂಟಿಗೆ ಹೋಗುವವರು ಮನೆಯವರ ಜೊತೆ ಸರದಿ ಮಾಡಿಕೊಳ್ಳಿ. ಬೆಳಿಗ್ಗೆ ಒಂದು ಸಲ ಚಿಮುಕಿಸಿ ಹೋಗುವುದು ಕ್ಯೂರಿಂಗ್ ಅಲ್ಲ.

9. ಎಪಾಕ್ಸಿಗೆ 28 ದಿನ ಕಾಯಿರಿ, ಆಮೇಲೂ ಪರೀಕ್ಷೆ ಮಾಡಿ
ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಮರುದಿನ ತೆಗೆಯಿರಿ. ಒಳಗೆ ಬೆವರಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ಇನ್ನೂ ಕಾಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಜಾಣತನ.

ಆಸಿಡ್ ತೊಳೆತ ಬಿಡಿ, ಡೈಮಂಡ್ ಗ್ರೈಂಡರ್ ಹೊಡೆಸಿ. ಧೂಳು ಪೂರ್ತಿ ತೆಗೆದು ನೀರಿನ ಹನಿ ಹಾಕಿ ನೋಡಿ. ಹನಿ ಮುತ್ತಿನಂತೆ ನಿಂತರೆ ಪ್ರೈಮರ್ ಹಿಡಿಯದು, ಹೀರಿಕೊಂಡರೆ ನೆಲ ಸಿದ್ಧ. ರೆಸಿನ್ ಮತ್ತು ಹಾರ್ಡ್‌ನರ್ ಬೆರೆಸಿದ ಮೇಲೆ ಬಕೆಟ್‌ನಲ್ಲಿ ಇಟ್ಟುಕೊಂಡು ಯೋಚಿಸಬೇಡಿ, ಅದು ತಾನೇ ಕಾದು ಗಟ್ಟಿಯಾಗಿಬಿಡುತ್ತದೆ. ತಕ್ಷಣ ನೆಲಕ್ಕೆ ಸುರಿದು ಹರಡಿ. ತಿಳಿ ಬೂದು ಬಣ್ಣ ಆರಿಸಿ, ಬಿದ್ದ ಸ್ಕ್ರೂ ಕಣ್ಣಿಗೆ ಬೀಳುತ್ತದೆ. ಎಣ್ಣೆ ಚೆಲ್ಲುವ ಜಾಗದಲ್ಲಿ ಜಾರದಂತೆ ಸಣ್ಣ ಸಿಲಿಕಾ ಮರಳು ಉದುರಿಸಿ. ಶಟರ್ ಬಳಿ ಬಿಸಿಲು ಬೀಳುವ ಕಡೆ ಎಪಾಕ್ಸಿ ಹಳದಿಯಾಗುತ್ತದೆ, ಅಲ್ಲಿ ಮೇಲೊಂದು ಪಿಯು ಕೋಟ್ ಕೊಡಿ. ವೆಲ್ಡಿಂಗ್ ಮೂಲೆಗೆ ಎಪಾಕ್ಸಿಯೇ ಬೇಡ. ಕಿಡಿ ಬಿದ್ದಲ್ಲೆಲ್ಲ ಸುಡುತ್ತದೆ, ಬರಿಯ ಕಾಂಕ್ರೀಟಿಗೆ ಡೆನ್ಸಿಫೈಯರ್ ಹೊಡೆದರೆ ಸಾಕು.

ಕೊನೆಯ ಕೋಟ್ ಮುಗಿದ ಮೇಲೆ ಒಂದು ವಾರ ಭಾರ ಬೇಡ. ಆಮೇಲೆ ಪ್ಲೈವುಡ್ ಹಾಸಿ, ಅದರ ಮೇಲೆ ಪೈಪ್ ಉರುಳಿಸಿಕೊಂಡು ಲೇಥ್ ಒಳಗೆ ತನ್ನಿ.