ಮದರಂಗಿಯ ಕೆಂಪು

ವಿವಾಹದ ಮುನ್ನ ವಧುವಿನ ಅಂಗೈಗೆ ಮದರಂಗಿ ಹಚ್ಚುವ ಪದ್ಧತಿಯು ಹಿಂದೂ ಕುಟುಂಬಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ರಾಜಸ್ಥಾನದಲ್ಲಿ ತೀಜ್ ಹಬ್ಬಕ್ಕೆ, ತೆಲುಗು ನಾಡಿನಲ್ಲಿ ಆಷಾಢ ಮಾಸಕ್ಕೆ ಅದು ತಪ್ಪದು. ಮೈಸೂರಿನ ಕಡೆ ಅದನ್ನೇ ಗೋರಂಟಿ ಎನ್ನುವರು. ಬಣ್ಣ ಎಷ್ಟು ಗಾಢವೋ ಅತ್ತೆಮನೆಯ ಪ್ರೀತಿಯೂ ಅಷ್ಟು ಗಾಢವೆಂಬ ನಂಬಿಕೆಯುಂಟು. ಆದರೆ ಒಬ್ಬಳೇ ವಧುವಿನ ಅಂಗೈಯಲ್ಲಿ ಕಡುಗೆಂಪಾಗಿಯೂ ಮುಂದೋಳಿನಲ್ಲಿ ತಿಳಿಯಾಗಿಯೂ ಕಾಣುವುದೇಕೆ?

ಲಾಸೋನಿಯ ಇನರ್ಮಿಸ್ ಎಂಬುದು ಈ ಗಿಡದ ಸಸ್ಯಶಾಸ್ತ್ರೀಯ ಹೆಸರು. ಇದರ ಹಸುರೆಲೆಯನ್ನು ಸುಮ್ಮನೆ ಹಿಡಿದುಕೊಂಡರೆ ಕೈಗೆ ಬಣ್ಣ ಹತ್ತದು, ಅರೆಯಬೇಕು. ಬಣ್ಣದ ಮೂಲದ್ರವ್ಯವು ಎಲೆಯಲ್ಲಿ ಸಕ್ಕರೆಯ ಅಣುವಿನೊಡನೆ ಬಂಧಿತವಾಗಿರುತ್ತದೆ. ಅರೆದು, ನೀರನ್ನೂ ತುಸು ನಿಂಬೆರಸವನ್ನೂ ಬೆರೆಸಿ ಕೆಲವು ಗಂಟೆ ಇಟ್ಟಾಗ ಆ ಬಂಧ ಕಡಿದು, ಗಾಳಿಯ ಆಮ್ಲಜನಕದ ನೆರವಿನಿಂದ ಲಾಸೋನ್ ಎಂಬ ವರ್ಣದ್ರವ್ಯ ಉಂಟಾಗುತ್ತದೆ. ಅದರ ಅಣುವಿನಲ್ಲಿ ಇಂಗಾಲದ 10, ಜಲಜನಕದ 6, ಆಮ್ಲಜನಕದ 3 ಪರಮಾಣುಗಳಿವೆ. ಬೆಳಕಿನ ನೇರಿಳೆ, ನೀಲಿ ಭಾಗಗಳನ್ನು ಅದು ಹೀರಿಕೊಳ್ಳುವುದರಿಂದ ಉಳಿದ ಬೆಳಕು ನಮಗೆ ಕಿತ್ತಳೆಯಾಗಿ ತೋರುತ್ತದೆ.

ಇದು ಗೋಡೆಗೆ ಬಳಿದ ಸುಣ್ಣದಂತಲ್ಲ. ಲಾಸೋನ್ ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿನೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ. ಆದುದರಿಂದಲೇ ಸಾಬೂನಿಗೆ ಜಗ್ಗುವುದಿಲ್ಲ. ಒಂದೆರಡು ದಿನಗಳಲ್ಲಿ ಉತ್ಕರ್ಷಣಗೊಂಡು ಕಿತ್ತಳೆಯು ಕಡುಗೆಂಪಿಗೆ ತಿರುಗುತ್ತದೆ. ಆ ಹೊರಪದರವಾದರೋ ಸತ್ತ ಜೀವಕೋಶಗಳದು. ಅಂಗೈ ಅಂಗಾಲುಗಳಲ್ಲಿ ಅದು ಮುಂದೋಳಿನಲ್ಲಿರುವುದಕ್ಕಿಂತ ಹಲವು ಪಟ್ಟು ದಪ್ಪ. ಬಣ್ಣ ಹಿಡಿಯಲು ಅಲ್ಲಿ ಕೆರಾಟಿನ್ ಹೆಚ್ಚು. ಅತ್ತೆಯ ಪಾತ್ರ ಇದರಲ್ಲೇನೂ ಇಲ್ಲ! ಎರಡು ಮೂರು ವಾರಗಳಲ್ಲಿ ಆ ಕೋಶಗಳು ಉದುರಿದಂತೆ ಚಿತ್ತಾರವೂ ಅವುಗಳೊಡನೆ ಉದುರಿಹೋಗುತ್ತದೆ.

ಇಷ್ಟನ್ನು ತಿಳಿದ ವಿದ್ಯಾರ್ಥಿಗಳು, ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುವ 'ಕಪ್ಪು ಮೆಹಂದಿ'ಯನ್ನು ಸಂಶಯದಿಂದ ನೋಡಬೇಕು. ಲಾಸೋನ್ ಅಷ್ಟು ಬೇಗ ಕಪ್ಪಾಗಲಾರದು. ಅದರಲ್ಲಿ ಕೂದಲಿಗೆ ಹಚ್ಚುವ ಬಣ್ಣಗಳ ಪ್ಯಾರಾ-ಫಿನಿಲೀನ್‌ಡೈಅಮೀನನ್ನು ಬೆರೆಸಿರುವುದುಂಟು. ಈ ಚಿಕ್ಕ ಅಣುವು ಸತ್ತ ಪದರವನ್ನು ದಾಟಿ ಕೆಳಗಿನ ಜೀವಂತ ಚರ್ಮವನ್ನು ಸೇರಬಲ್ಲದು. ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಸಿಬಿಟ್ಟರೆ ಆ ನೆನಪು ಬಹುಮಟ್ಟಿಗೆ ಜೀವಮಾನವಿಡೀ ಉಳಿಯುತ್ತದೆ. ಬಂಧುಗಳ ಮದುವೆಯೊಂದರಲ್ಲಿ ಬಾಲಿಕೆಯೊಬ್ಬಳ ಕೈಮೇಲೆ ಬಳ್ಳಿಯ ಚಿತ್ರವಿದ್ದಲ್ಲೆಲ್ಲ ಅದೇ ಆಕಾರದಲ್ಲಿ ಬೊಕ್ಕೆಗಳೆದ್ದುದನ್ನು ನಾನು ಕಂಡಿದ್ದೇನೆ. ಅಂಥವರು ಮುಂದೆ ಎಂದಾದರೂ ಕೂದಲಿಗೆ ಆ ರಾಸಾಯನಿಕವಿರುವ ಬಣ್ಣ ಹಚ್ಚಿದರೆ ಮುಖ, ಕಣ್ಣುರೆಪ್ಪೆ ಊದಿಕೊಳ್ಳುವ ಅಪಾಯವಿದೆ.

ಲೇಪ ತೆಗೆದೊಡನೆ ಕೈ ಬರಿಯ ಕಿತ್ತಳೆಯಾಗಿ ಕಂಡರೆ ನಿರಾಶೆಪಡಬೇಕಾಗಿಲ್ಲ. ನಿಜವಾದ ಎಲೆಯ ಬಣ್ಣ ಆರಂಭವಾಗುವುದೇ ಹಾಗೆ.